ದೀಪ ಮಿಟುಕುತ್ತಿದೆ ಎಂದೆ

ಮೇಡಂ ಇರುತ್ತಿದ್ದದ್ದು ಹೂಡಿಯ ಆಫೀಸಿನಲ್ಲಿ, ನಾನು ಪೀಣ್ಯದ ಗೋಡೌನಿನಲ್ಲಿ. ನಡುವೆ ಇಡೀ ಬೆಂಗಳೂರು. ಆ ಗೋಡೌನಿನ ವೈಫೈ ನೋಡಿಕೊಳ್ಳುವ ಗುತ್ತಿಗೆ ನಮ್ಮ ಕಂಪನಿಯದಾಗಿತ್ತು. ಕಂಬಗಳಿಗೆ, ಛಾವಣಿಗೆ ಸಿಕ್ಕಿಸಿದ ಬಿಳಿ ಡಬ್ಬಿಗಳನ್ನೆಲ್ಲ ನೆಟ್‌ವರ್ಕ್ ಎಂಜಿನಿಯರಾದ ಮೇಡಂ ಅಲ್ಲಿಂದಲೇ ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರು. ಯಾವ ಡಬ್ಬಿ ಎಷ್ಟು ಜೋರಾಗಿ ಮಾತಾಡಬೇಕು, ಯಾವ ಚಾನೆಲ್ಲಿನಲ್ಲಿ ಮಾತಾಡಬೇಕು ಎನ್ನುವುದು ಅವರ ಕೈಯಲ್ಲಿತ್ತು. ಏಣಿ ಹತ್ತುವುದು, ಕೇಬಲ್ ಎಳೆಯುವುದು, ಕಂಡದ್ದನ್ನು ಫೋನಿನಲ್ಲಿ ಹೇಳುವುದು ನನ್ನ ಕೆಲಸ. "ಇಲ್ಲಿಂದ ನನಗೆ ಏನೂ ಕಾಣಲ್ಲ. ನಿಮ್ಮ ಕಣ್ಣೇ ನನ್ನ ಕಣ್ಣು" ಎಂದು ಅವರು ಮೊದಲ ದಿನವೇ ಹೇಳಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆ ಮಾತು ಕೇಳಿ ಸಂಜೆ ಮನೆಗೆ ಹೋಗಿ ಅಕ್ಕನ ಮುಂದೆ ಹೇಳಿಕೊಂಡಿದ್ದೆ.

ಅಕ್ಕನೂ ಅದೇ ಗೋಡೌನಿನಲ್ಲಿದ್ದಳು. ಕುಷ್ಟಗಿ ಕಡೆಯಿಂದ ನನಗಿಂತ ಮೊದಲೇ ಬೆಂಗಳೂರಿಗೆ ಬಂದವಳು. ನಮ್ಮ ಕಂಪನಿಗೆ ಪೀಣ್ಯದಲ್ಲಿ ಒಬ್ಬ ಕೆಲಸಗಾರ ಬೇಕಾದಾಗ, "ನನ್ನ ತಮ್ಮ ಅದಾನ, ಸುಳ್ಳು ಹೇಳೋನಲ್ಲ" ಎಂದು ನನ್ನ ಹೆಸರು ಹೇಳಿದ್ದೂ ಅವಳೇ. ನಾವಿಬ್ಬರೂ ರಾಜಗೋಪಾಲನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆವು.

ಗೋಡೌನಿನ ತುಂಬ ಎತ್ತರದ ಕಬ್ಬಿಣದ ರ‍್ಯಾಕುಗಳು, ಅವುಗಳಲ್ಲಿ ಯಂತ್ರಗಳ ಬಿಡಿಭಾಗಗಳು. ಎರಡು ರ‍್ಯಾಕುಗಳ ನಡುವಿನ ದಾರಿಯನ್ನು ನಮ್ಮ ಕಡೆಯವರು ಓಣಿ ಎನ್ನುತ್ತಿದ್ದರು. ಅಕ್ಕನದು ಬೆಲ್ಟುಗಳ ಓಣಿ. ಕೈಯಲ್ಲಿ ಸ್ಕ್ಯಾನರ್ ಹಿಡಿದು, ಬೆಲ್ಟಿನ ಲೇಬಲ್ಲಿಗೆ ಬೆಳಕು ಬಿಟ್ಟು, ಗುಂಡಿ ಒತ್ತಿದರೆ ಲೆಕ್ಕ ವೈಫೈ ಮೂಲಕ ಕಂಪ್ಯೂಟರಿಗೆ ಹೋಗಿ 'ಬೀಪ್' ಎಂದು ಉತ್ತರ ಬರುತ್ತಿತ್ತು. ಬೀಪ್ ಬಂದ ಮೇಲೆಯೇ ಮಾಲನ್ನು ಗಾಡಿಗೆ ಹಾಕಬೇಕು. ಆ ವರ್ಷ ದೀಪಾವಳಿಗೆ ಗೋಡೌನಿನ ಗುತ್ತಿಗೆ ಕೆಲಸಗಾರರಲ್ಲಿ ಒಬ್ಬರನ್ನು ಕಾಯಂ ಮಾಡುವುದಿತ್ತು. ಗೋಡೌನ್ ಸೂಪರ್‌ವೈಸರ್ ಅಕ್ಕನಿಗೆ ಎಲ್ಲರೆದುರೇ, "ಈ ಸಲ ನಿಂದೇ ಕಣಮ್ಮ. ಸ್ವೀಟ್ ರೆಡಿ ಮಾಡ್ಕೋ" ಎಂದಿದ್ದರು.

ಆಯುಧಪೂಜೆಗೆ ರಜೆ, ಹಾಗಾಗಿ ಹಿಂದಿನ ದಿನವೇ ಗೋಡೌನಿನಲ್ಲಿ ತೊಳೆಯುವ, ಪೂಜೆಯ ಸಂಭ್ರಮ. ಫೋರ್ಕ್‌ಲಿಫ್ಟಿಗೆ ಬಾಳೆಕಂದು ಕಟ್ಟುತ್ತಿದ್ದರು, ತೂಕದ ಯಂತ್ರಕ್ಕೆ ಚೆಂಡುಹೂವಿನ ಸರ ಹಾಕುತ್ತಿದ್ದರು. ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಲೇ ತಮ್ಮಾ, ತಕ್ಕಡಿಗೂ ಪೂಜಿ ಐತಿ. ನಿನ್ನ ಡಬ್ಬಿ ಏನ್ ಪಾಪ ಮಾಡ್ಯಾವು? ದಿನಾ ನಮ್ಮ ಮಾತು ಕೇಳೋವು ಅವ ಅಲ್ಲೇನು?"

"ಅವು ಮ್ಯಾಲ ಅದಾವಕ್ಕಾ."

"ಮ್ಯಾಲಿದ್ದರ ಇಳಸು. ಧೂಳ ನೋಡು, ಜೇಡ ಮನಿ ಕಟ್ಟೇತಿ."

ಮೇಡಂಗೆ ಹೇಳದೆ ಡಬ್ಬಿ ಮುಟ್ಟಬಾರದೆಂಬ ನಿಯಮವಿತ್ತು. ನನಗಿಂತ ಮೊದಲು ಆ ಜಾಗದಲ್ಲಿದ್ದವನನ್ನು ತೆಗೆದದ್ದು ಇಂಥದೇ ಕಾರಣಕ್ಕೆ ಎಂದೂ ಕೇಳಿದ್ದೆ. ಆದರೆ ಹಬ್ಬದ ಗಲಾಟೆಯಲ್ಲಿ ಯಾರು ಪರದೆ ನೋಡುತ್ತಾರೆ ಎಂದುಕೊಂಡೆ. ಬೆಲ್ಟಿನ ಓಣಿಯ ಏಳನೇ ಡಬ್ಬಿಯನ್ನೂ, ಗಾಜಿನ ಗೋಡೆಯ ಆಫೀಸಿನ ಹನ್ನೆರಡನೇ ಡಬ್ಬಿಯನ್ನೂ ಇಳಿಸಿ ಒಂದೇ ಮೇಜಿನ ಮೇಲೆ ಇಟ್ಟೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಹಿಂದೆ ಮುಂದೆ ಚೆನ್ನಾಗಿ ಉಜ್ಜಿದೆ. ಡಬ್ಬಿಯ ಬೆನ್ನಿಗೆ ಮಾರ್ಕರಿನಲ್ಲಿ ಬರೆದಿದ್ದ ಸಂಖ್ಯೆಗಳು ಬಟ್ಟೆಗೆ ಬಂದುಬಿಟ್ಟವು. ಎರಡೂ ಡಬ್ಬಿಗಳು ಅವಳಿಗಳ ಹಾಗೆ ಕೂತಿದ್ದವು. ಅಕ್ಕ ಎರಡಕ್ಕೂ ಕುಂಕುಮ ಇಟ್ಟು ಕೈ ಮುಗಿದಳು. ಅಷ್ಟರಲ್ಲಿ ಸೂಪರ್‌ವೈಸರ್, "ಏನ್ ಗುರು, ಮಂಗಳಾರತಿ ನಿನಗೋಸ್ಕರ ಕಾಯ್ಬೇಕಾ?" ಎಂದು ಕೂಗಿದರು. ಕೈಗೆ ಸಿಕ್ಕಿದ್ದನ್ನು ಆಫೀಸಿಗೆ ಹಾಕಿದೆ, ಉಳಿದದ್ದನ್ನು ಓಣಿಗೆ. ಡಬ್ಬಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಸೀರಿಯಲ್ ನಂಬರ್ ಇತ್ತು. ಓದಿ ಮೇಡಂಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಹಬ್ಬದ ರಜೆ ಮುಗಿದ ದಿನವೇ ಅಕ್ಕನ ಸ್ಕ್ಯಾನರ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಬೀಪ್ ಬರುತ್ತಿರಲಿಲ್ಲ. ಕಾದು ಕಾದು ಮತ್ತೆ ಒತ್ತುತ್ತಿದ್ದಳು. ಕೆಲವೊಮ್ಮೆ ಎರಡು ಒತ್ತೂ ತಡವಾಗಿ ತಲುಪಿ ಒಂದು ಬೆಲ್ಟು ಎರಡಾಗಿ ಲೆಕ್ಕ ಸೇರುತ್ತಿತ್ತು. ದೀಪಾವಳಿ ಮೊದಲಿನ ಮಾಲು ಏರುತ್ತಿದ್ದ ಸಮಯ. ಲಾರಿಗಳು ಹೊರಗೆ ಸಾಲಾಗಿ ನಿಂತಿದ್ದವು. ಎಲ್ಲ ಓಣಿಗಳ ಮಾಲು ಬಂದು ಬೆಲ್ಟಿಗಾಗಿ ಕಾಯುತ್ತಿತ್ತು.

ಮೇಡಂ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು. ಮೊದಲು ಸ್ಕ್ಯಾನರಿನಲ್ಲಿ ವೈಫೈ ಹೆಸರು ಅಳಿಸಿ ಮತ್ತೆ ಸೇರಿಸಿದೆವು. ಪಾಸ್‌ವರ್ಡ್ ತಪ್ಪಿಲ್ಲ, ನೆಟ್‌ವರ್ಕಿನ ವಿಳಾಸವೂ ಸಿಗುತ್ತಿದೆ. ಅಂದರೆ ಒಳಗೆ ಬರಲು ತೊಂದರೆಯಿಲ್ಲ, ಬಂದವರು ನಿಲ್ಲುತ್ತಿಲ್ಲ. ಆಮೇಲೆ ಕೇಬಲ್ ಪರೀಕ್ಷೆ. ಅದೂ ಸರಿ. ಪಕ್ಕದ ಶೆಡ್ಡಿನಲ್ಲಿ ಹೊಸದಾಗಿ ವೆಲ್ಡಿಂಗ್ ಶುರುವಾಗಿತ್ತು. ಅದರಿಂದಿರಬಹುದೇ ಎಂದು ಅವರ ಊಟದ ಹೊತ್ತಿನಲ್ಲಿ ನೋಡಿದೆವು. ವೆಲ್ಡಿಂಗ್ ನಿಂತಿತ್ತು, ಸ್ಕ್ಯಾನರಿನ ಸಂಪರ್ಕ ಹಾಗೆಯೇ ತಪ್ಪುತ್ತಿತ್ತು. ಕ್ಯಾಂಟೀನಿನ ಮೈಕ್ರೋವೇವ್ ಆಫ್ ಮಾಡಿಸಿದೆವು. ಆಫೀಸಿನವರು ತಣ್ಣನೆಯ ಅನ್ನ ತಿಂದು ನನ್ನನ್ನು ಬೈದರು, ಬೇರೇನೂ ಆಗಲಿಲ್ಲ. ಮೇಡಂ ಚಾನೆಲ್ ಬದಲಾಯಿಸಿದರು. ಒಂದು ಗಂಟೆ ಸರಿಯಾದಂತೆ ಕಂಡಿತು, ಮಧ್ಯಾಹ್ನ ಮತ್ತೆ ಅದೇ.

ಸೂಪರ್‌ವೈಸರ್ ಲ್ಯಾಪ್‌ಟಾಪ್ ಹಿಡಿದು ಓಣಿಗೇ ಬಂದರು. "ನೋಡು ಗುರು, ಇಲ್ಲೇ ನಿಂತ್ಕೊಂಡು ಕ್ರಿಕೆಟ್ ನೋಡ್ಬೋದು. ನೆಟ್ ಸಕ್ಕತ್ತಾಗಿದೆ. ನಿಮ್ಮಕ್ಕನ ಸ್ಕ್ಯಾನರ್‌ಗೆ ಮಾತ್ರ ಏನ್ ಬಂತು ಕಾಯಿಲೆ?"

ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಮೇಡಂಗೆ ಅನುಮಾನ ಹತ್ತಿದ್ದು ಆಗಲೇ. "ನಿಮ್ಮಕ್ಕನ ಸ್ಕ್ಯಾನರ್ ಏಳನೇ ಡಬ್ಬಿಗೇ ಕನೆಕ್ಟ್ ಆಗಿದೆ. ಆದ್ರೆ ಸಿಗ್ನಲ್ ತೀರಾ ವೀಕ್. ಅದರ ಕೆಳಗೇ ನಿಂತವರಿಗೆ ಹೀಗೆ ಬರಬಾರದು. ಏಳು ನಿಜವಾಗ್ಲೂ ಅಲ್ಲೇ ಇದೆಯಾ? ಒಂದ್ನಿಮಿಷ ಇರಿ, ಅದರ ದೀಪ ಮಿಟುಕಿಸ್ತೀನಿ. ನೋಡಿ ಹೇಳಿ."

ನಾನು ಅಕ್ಕನ ಓಣಿಯಲ್ಲಿ ನಿಂತು ತಲೆ ಎತ್ತಿದೆ. ಮೇಲಿನ ಡಬ್ಬಿಯ ದೀಪ ಹಸಿರಾಗಿ ಸುಮ್ಮನೆ ಉರಿಯುತ್ತಿತ್ತು. ಓಣಿಯ ಕೊನೆಗೆ ಕಣ್ಣು ಹಾಯಿಸಿದೆ. ಗಾಜಿನ ಗೋಡೆಯಾಚೆ, ಆಫೀಸಿನ ಛಾವಣಿಯಲ್ಲಿ, ಕುಂಕುಮದ ಬೊಟ್ಟಿನ ಪಕ್ಕ ಒಂದು ದೀಪ ಮಿಟುಕುತ್ತಿತ್ತು.

ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಈ ಡಬ್ಬಿಗಳಲ್ಲಿ ಎರಡು ಬಗೆಯ ಅಲೆಗಳಿರುತ್ತವೆ, ಹಳೆಯದೊಂದು, ಹೊಸದೊಂದು. ಲ್ಯಾಪ್‌ಟಾಪಿಗೆ ಎರಡೂ ತಿಳಿಯುತ್ತವೆ. ನಮ್ಮ ಸ್ಕ್ಯಾನರುಗಳಿಗೆ ಹಳೆಯದು ಮಾತ್ರ. ಆಫೀಸಿನ ಸುತ್ತ ಹಳೆಯ ಅಲೆಯ ಗದ್ದಲ ಜಾಸ್ತಿಯೆಂದು ಮೇಡಂ ಹನ್ನೆರಡನೇ ಡಬ್ಬಿಯಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರು. ನನ್ನ ಜೊತೆ ಫೋನಿನಲ್ಲಿದ್ದಾಗಲೇ ಮಾಡಿದ್ದು. ಆ ಡಬ್ಬಿ ಈಗ ಅಕ್ಕನ ತಲೆಯ ಮೇಲಿತ್ತು. ಸ್ಕ್ಯಾನರಿನ ಪಾಲಿಗೆ ಅದು ಮೂಗ. ಪಾಪದ ಯಂತ್ರ ಅಷ್ಟು ದೂರದ ಆಫೀಸಿನಿಂದ, ಗಾಜು, ಕಬ್ಬಿಣ ದಾಟಿ ಬರುತ್ತಿದ್ದ ಏಳನೇ ಡಬ್ಬಿಯ ಕ್ಷೀಣ ದನಿಗೆ ಜೋತು ಬಿದ್ದಿತ್ತು.

"ಮಿಟುಕ್ತಿದೆಯಾ?" ಎಂದರು ಮೇಡಂ.

ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರು. ಅಕ್ಕ ಬೆಲ್ಟಿನ ಕಟ್ಟು ಎದೆಗವಚಿಕೊಂಡು ನನ್ನ ಮುಖ ನೋಡುತ್ತಿದ್ದಳು. ಕೆಲಸದಿಂದ ತೆಗೆದ ಆ ಹಳಬನ ನೆನಪಾಯಿತು.

"ಹೌದು ಮೇಡಂ. ಮಿಟುಕ್ತಿದೆ."

"ಸರಿ ಹಾಗಾದ್ರೆ. ಡಬ್ಬಿದೇನೂ ಇಲ್ಲ. ಸ್ಕ್ಯಾನರ್ ಆಂಟೆನಾನೇ ಹೋಗಿರ್ಬೇಕು."

ನಾನು ಹೇಳಿದ್ದು ಅಷ್ಟೇ. ಮುಂದಿನದೆಲ್ಲ ಆ ಮಾತಿನ ಮೇಲೆ ನಿಂತಿತು. ಅಕ್ಕನಿಗೆ ಹೊಸ ಸ್ಕ್ಯಾನರ್ ತರಿಸಿದರು. ಅದೂ ಕೈಕೊಟ್ಟಿತು. ಡಬ್ಬಿ ಸರಿಯಿದೆ, ಸ್ಕ್ಯಾನರ್ ಹೊಸದು, ಹಾಗಿದ್ದರೆ ಉಳಿದದ್ದೇನು? ಮೇಡಂ ತಿಳಿದಷ್ಟನ್ನು ನ್ಯಾಯವಾಗಿಯೇ ಹೇಳಿದರು. "ಕೆಲವರು ಹಿಡಿಯೋವಾಗ ಆಂಟೆನಾ ಇರೋ ಕಡೆ ಅಂಗೈ ಮುಚ್ಕೊಳತ್ತೆ. ಸ್ವಲ್ಪ ಬೇರೆ ಥರ ಹಿಡಿಯೋಕೆ ಹೇಳಿ." ಸೂಪರ್‌ವೈಸರ್ ಬಾಯಿಗೆ ಅದು ಸಿಕ್ಕಿದ್ದೇ ತಡ, ಗೋಡೌನಿಡೀ ಹರಡಿತು. "ಕೈದೇ ಪ್ರಾಬ್ಲಮ್ ಕಣಮ್ಮ ನಿಂದು. ಸೌಟು ಹಿಡಿದಂಗೆ ಹಿಡೀಬೇಡ." ಮಧ್ಯಾಹ್ನದ ಹೊತ್ತಿಗೆ ಲೋಡಿಂಗಿನವರು ಅವಳನ್ನು "ಸೌಟಕ್ಕ" ಎನ್ನತೊಡಗಿದ್ದರು. ಅಕ್ಕ ಮೊದಲು ನಕ್ಕಳು. ಆಮೇಲೆ ಸ್ಕ್ಯಾನರನ್ನು ಬೆರಳ ತುದಿಗಳಲ್ಲಿ ಹಿಡಿದು, ಕೈ ಚಾಚಿ, ಡಬ್ಬಿಗೆ ತೋರಿಸುತ್ತಾ ಗುಂಡಿ ಒತ್ತಲು ಕಲಿತಳು. ಒಮ್ಮೆ ಜಾರಿ ನೆಲಕ್ಕೆ ಬಿತ್ತು. ಅದಕ್ಕೂ ಬೈಸಿಕೊಂಡಳು.

ಡಬ್ಬಿಗಳನ್ನು ಸರಿಮಾಡಲು ನಾನು ಸಂದು ಹುಡುಕುತ್ತಿದ್ದೆ. ಆಫೀಸಿನಲ್ಲಿ ಸದಾ ಜನ. ಹಬ್ಬದ ಮಾಲಿನಿಂದಾಗಿ ಭಾನುವಾರವೂ ಬಾಗಿಲು ತೆರೆದಿತ್ತು. ಏಣಿ ಇಟ್ಟರೆ ಯಾಕೆ ಎಂದು ಕೇಳುತ್ತಾರೆ ಎನ್ನುವ ಭಯ. ನಾಳೆ ಎನ್ನುತ್ತಾ ದಿನ ತಳ್ಳಿದೆ.

ಕೊನೆಗೆ ಮೇಡಂ ತಾವೇ ಬರುವುದಾಗಿ ಹೇಳಿದರು. ಅಕ್ಕನ ಓಣಿಯಲ್ಲಿ ಬೇರೊಬ್ಬರನ್ನು ಒಂದು ದಿನ ನಿಲ್ಲಿಸುವುದು, ಅವರಿಗೂ ಹೀಗೇ ಆದರೆ ತೊಂದರೆ ಜಾಗದ್ದು, ಆಗದಿದ್ದರೆ ಕೈಯದ್ದು. ಸರಿಯಾದ ಪರೀಕ್ಷೆ. ನಾನು ಸುಮ್ಮನಿದ್ದಿದ್ದರೂ ಅಕ್ಕ ಗೆಲ್ಲುತ್ತಿದ್ದಳು. ಆದರೆ ಆ ಕ್ಷಣ ನನಗೆ ಕಂಡದ್ದು ನನ್ನ ತಲೆ ಮಾತ್ರ. ತೊಂದರೆ ಜಾಗದ್ದೆಂದು ಗೊತ್ತಾದರೆ ಮೇಡಂ ತಾವೇ ಡಬ್ಬಿಯ ಸೀರಿಯಲ್ ನಂಬರ್ ಓದುತ್ತಾರೆ. ಪರೀಕ್ಷೆಯ ದಿನ ಬೆಳಗ್ಗೆ ಶಿಫ್ಟಿಗೆ ಮೊದಲೇ ಹೋಗಿ, ಸೆಕ್ಯೂರಿಟಿ ಅಣ್ಣನಿಗೆ ಧೂಳು ಹೊಡೆಯುವುದಿದೆ ಎಂದು ಹೇಳಿ, ಎರಡೂ ಡಬ್ಬಿ ಅದಲು ಬದಲು ಮಾಡಿದೆ. ಏಣಿಯಿಂದ ಇಳಿಯುವಾಗ ಎದೆ ಹಗುರಾಗಿತ್ತು. ಇನ್ನು ಯಾರಿಗೂ ತೊಂದರೆಯಿಲ್ಲ, ನನಗೂ ಇಲ್ಲ, ಅಕ್ಕನಿಗೂ ಇಲ್ಲ ಎಂದುಕೊಂಡೆ. ಅಷ್ಟು ದಡ್ಡತನ.

ಮೇಡಂ ಬಂದರು. "ಹೂಡಿಯಿಂದ ಇಲ್ಲಿಗೆ ಬರೋಷ್ಟರಲ್ಲಿ ತಿರುಪತಿಗೇ ಹೋಗಿ ದರ್ಶನ ಮಾಡ್ಬೋದಿತ್ತು" ಎಂದು ನಕ್ಕು ನೀರು ಕುಡಿದರು. ಬೇರಿಂಗ್ ಓಣಿಯವನನ್ನು ಬೆಲ್ಟಿನ ಓಣಿಗೆ ನಿಲ್ಲಿಸಿದರು. ಅಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಅವನು ಒತ್ತಿದ, ಬೀಪ್. ಮತ್ತೆ ಒತ್ತಿದ, ಬೀಪ್. ಪ್ರತಿ ಸಲವೂ ಅಕ್ಕನ ಮುಖ ಚಿಕ್ಕದಾಗುತ್ತಿತ್ತು. ಮಧ್ಯಾಹ್ನದವರೆಗೆ ಒಂದೂ ತಪ್ಪಲಿಲ್ಲ. ಅವನು ನಗುತ್ತಾ, "ಏನ್ ಮಗಾ, ಬೆಣ್ಣೆ ಥರ ಹೋಗ್ತಿದೆ" ಎಂದು ನನ್ನ ಭುಜ ತಟ್ಟಿದ.

ಮೇಡಂ ಪರದೆ ನೋಡುತ್ತಾ ಹುಬ್ಬು ಗಂಟಿಕ್ಕಿದರು. "ಸಿಗ್ನಲ್ ಕೂಡ ಚೆನ್ನಾಗಿದೆ ಇವತ್ತು. ಬೆಳಗ್ಗೆ ಏನಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ. ಕರೆಂಟು ಹೋಗಿ ಬಂತು."

ಎರಡನೆಯ ಸುಳ್ಳಿಗೆ ಮೊದಲನೆಯದರಷ್ಟೂ ಹೊತ್ತು ಬೇಕಾಗಲಿಲ್ಲ.

ಸೂಪರ್‌ವೈಸರ್ ಆವತ್ತು ತಮಾಷೆ ಮಾಡಲಿಲ್ಲ, ದನಿ ಏರಿಸಲಿಲ್ಲ. "ಬೇಜಾರ್ ಮಾಡ್ಕೋಬೇಡಮ್ಮ. ನಾಳೆಯಿಂದ ಪ್ಯಾಕಿಂಗ್ ಟೇಬಲ್‌ಗೆ ಹೋಗು. ಟೇಪ್ ಹಚ್ಚೋ ಕೆಲ್ಸ." ಕಾಯಂ ಮಾತು ಎತ್ತಲೇ ಇಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಆ ಸಂಜೆ ರೂಮಿಗೆ ಹೋದಾಗ ಅಕ್ಕ ಒಲೆ ಹಚ್ಚಿರಲಿಲ್ಲ. ಗೋಡೆಗೆ ಒರಗಿ ಕೂತು, ಟಿವಿ ರಿಮೋಟನ್ನು ಸ್ಕ್ಯಾನರಿನ ಹಾಗೆ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿದ್ದಳು. ಟಿವಿ ಆಫ್ ಆಗಿತ್ತು. ಹಿಡಿತ ಬದಲಿಸುವಳು, ಒತ್ತುವಳು, ಮತ್ತೆ ಬದಲಿಸುವಳು. ನನ್ನನ್ನು ಕಂಡು ಅಂಗೈ ಚಾಚಿದಳು.

"ಇಲ್ನೋಡು ತಮ್ಮಾ. ನನ್ನ ಹೆಬ್ಬಟ್ಟು ಉಳಿದವರಿಗಿಂತ ದಪ್ಪ ಐತೇನು?"

"ಇಲ್ಲಕ್ಕಾ."

"ಮತ್ಯಾಕ ಹಿಂಗಾತು? ಅವನ ಕೈಯಾಗ ನಡೀತು, ನನ್ನ ಕೈಯಾಗ ನಡೀವಲ್ತು. ಸಣ್ಣಕಿದ್ದಾಗ ಈ ಕೈ ಸುಟ್ಟಿತ್ತಲ್ಲ, ನರಗಿರ ಏನಾರ ಹೋಗಿರಬೇಕು. ನಾಳೆ ಡಾಕ್ಟರ್‌ಗೆ ತೋರಿಸಲೇನು?"

ಅವಳು ಯಾರನ್ನೂ ಬೈಯಲಿಲ್ಲ. ತನ್ನ ಕೈಯನ್ನೇ ಅನುಮಾನಿಸುತ್ತಿದ್ದಳು. ಕಾಯಂ ತಪ್ಪಿದ್ದನ್ನಾದರೂ ಸಹಿಸಬಹುದಿತ್ತು, ಇದನ್ನು ನೋಡಲು ನನ್ನಿಂದಾಗಲಿಲ್ಲ. ಬಾಗಿಲ ಬಳಿ ನಿಂತೇ ಎಲ್ಲ ಹೇಳಿದೆ. ಥಿನ್ನರ್ ಬಟ್ಟೆ, ಅಳಿಸಿದ ಸಂಖ್ಯೆ, ಆಫೀಸಿನಲ್ಲಿ ಮಿಟುಕಿದ ದೀಪ, ಬೆಳಗಿನ ಏಣಿ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ಕೇಳಿದ್ದು ಒಂದೇ.

"ಹಂಗಾರ ನನ್ನ ಕೈ ಸರಿ ಐತಿ?"

"ಸರಿ ಐತಕ್ಕಾ."

ಅವಳು ರಿಮೋಟನ್ನು ಬದಿಗಿಟ್ಟಳು. ಆಮೇಲೆ ಎದ್ದು ಅಕ್ಕಿ ತೊಳೆದಳು. ಬೆನ್ನು ನನ್ನ ಕಡೆಗಿತ್ತು. "ನನಗ ಹೇಳಿದರೇನು ಬಂತು? ನನ್ನ ಕೈ ನನಗ ಸಿಕ್ತು ಅಷ್ಟ. ಹೇಳಬೇಕಾದವರಿಗೆ ಹೇಳು."

ಮರುದಿನ ಬೆಳಗ್ಗೆ ಗೋಡೌನಿನ ಗೇಟಿನ ಹೊರಗೆ ನಿಂತು ಮೇಡಂಗೆ ಫೋನ್ ಮಾಡಿದೆ. "ಮೇಡಂ, ಆವತ್ತು ದೀಪ ಮಿಟುಕಿರಲಿಲ್ಲ" ಎಂದೆ. ಉಳಿದದ್ದು ತಡವರಿಸುತ್ತಾ ಬಂತು.

"ನಿಮ್ಮಕ್ಕನಿಗೋಸ್ಕರ ಹೇಳ್ತಿದ್ದೀರಾ?"

ಇದನ್ನು ನಾನು ಎಣಿಸಿರಲಿಲ್ಲ. ಸುಳ್ಳು ಹೇಳಿದಾಗ ಕೂಡಲೇ ನಂಬಿದ್ದರು. ನಿಜ ಹೇಳಿದರೆ ನಂಬುತ್ತಿಲ್ಲ. ಒಳಗೆ ಹೋಗಿ ಸೂಪರ್‌ವೈಸರಿಗೆ ಹೇಳಿದರೆ ಅವರು ಜೋರಾಗಿ ನಕ್ಕರು. "ಏನ್ ತಮ್ಮಯ್ಯ, ಅಕ್ಕನ್ನ ಉಳ್ಸೋಕೆ ಒಳ್ಳೆ ಕತೆ ಕಟ್ಟಿದ್ದೀಯ. ಪೂಜೆ ಮಾಡಿದ್ರೆ ನೆಟ್ ಹೋಗುತ್ತಾ? ಹೋಗೋ, ಕೆಲ್ಸ ನೋಡ್ಕೋ."

ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಹೇಳೋದು ಬಿಡಿ. ತೋರಿಸಿ" ಎಂದರು ಮೇಡಂ. "ಎರಡೂ ಡಬ್ಬಿ ಮತ್ತೆ ಅದಲು ಬದಲು ಮಾಡಿ. ಅವರ ಮುಂದೇನೇ."

ಏಣಿ ತಂದೆ. ಆಫೀಸಿನವರು ಕುರ್ಚಿ ಸರಿಸಿಕೊಂಡು ಗೊಣಗಿದರು. ಸ್ಕ್ರೂ ಬಿಚ್ಚಿ ಎರಡೂ ಡಬ್ಬಿ ಅದಲು ಬದಲು ಮಾಡಿದೆ. ಡಬ್ಬಿಗಳು ಆನ್ ಆಗಿ ಹಸಿರು ದೀಪ ಬರುವವರೆಗೆ ಕಾದೆವು. ಬೇರಿಂಗ್ ಓಣಿಯವನನ್ನೇ ಮತ್ತೆ ಬೆಲ್ಟಿನ ಓಣಿಯಲ್ಲಿ, ಆಫೀಸಿನ ಗಾಜಿಗೆ ಹತ್ತಿರದ ತುದಿಯಲ್ಲಿ ನಿಲ್ಲಿಸಿದರು. ಅವನು ಒತ್ತಿದ. ಬೀಪ್ ಬಂತು.

ಸೂಪರ್‌ವೈಸರ್, "ಆಯ್ತಾ? ಸಮಾಧಾನ ಆಯ್ತಾ?" ಎಂದರು.

"ಒಳಗಿನ ರ‍್ಯಾಕಿಗೆ ಹೋಗೋಕೆ ಹೇಳಿ" ಎಂದರು ಫೋನಿನಲ್ಲಿ ಮೇಡಂ.

ಅವನು ಓಣಿಯ ನಡುವಿಗೆ ನಡೆದ. ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. ಸ್ಕ್ಯಾನರನ್ನು ತಿರುಗಿಸಿ ನೋಡಿದ, ತೊಡೆಗೆ ತಟ್ಟಿದ. "ಏನ್ ಸಾರ್ ಇದು, ಸತ್ತೋಯ್ತು" ಎಂದ. ಪ್ಯಾಕಿಂಗ್ ಟೇಬಲ್ಲಿನಲ್ಲಿ ಟೇಪ್ ಹರಿಯುತ್ತಿದ್ದ ಸದ್ದು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಳು.

"ಈಗ ಏಳನೇದರ ದೀಪ ಮಿಟುಕಿಸ್ತೀನಿ" ಎಂದರು ಮೇಡಂ. "ನಿಮ್ಮ ತಲೆ ಮೇಲಿರೋದು ಮಿಟುಕ್ತಿದೆಯಾ?"

"ಇಲ್ಲ ಮೇಡಂ. ಆಫೀಸಲ್ಲಿ ಮಿಟುಕ್ತಿದೆ."

"ಆವತ್ತೂ ಇದೇ ಜಾಗದಲ್ಲೇ ನಿಂತಿದ್ರಿ."

"ಹೌದು ಮೇಡಂ."

ಅವರು ಬೈಯಲಿಲ್ಲ. "ನಿನ್ನೆ ಬೆಳಗ್ಗೆ ಎರಡು ಡಬ್ಬಿ ಮಾತ್ರ ಆಫ್ ಆಗಿ ಆನ್ ಆಗಿದ್ದವು. ಕರೆಂಟ್ ಹೋದ್ರೆ ಎಲ್ಲಾ ಹೋಗ್ಬೇಕಿತ್ತು. ನೋಡಿದ್ದೆ. ನೀವು ಹೇಳಿದ್ರಿ ಅಂತ ಬಿಟ್ಬಿಟ್ಟೆ" ಎಂದರು. ಆಮೇಲೆ, "ಸರಿಯಾಗಿ ಹಾಕಿ, ಸೀರಿಯಲ್ ನಂಬರ್ ಓದಿ ಹೇಳಿ" ಎಂದಷ್ಟೇ ಹೇಳಿ ಇಟ್ಟರು.

ಅಕ್ಕ ಆ ದಿನವೇ ತನ್ನ ಓಣಿಗೆ ಮರಳಿದಳು. ಸೂಪರ್‌ವೈಸರ್ ಎಲ್ಲರೆದುರು ಅವಳ ಕ್ಷಮೆ ಕೇಳಿದರು, ಅದನ್ನು ನಾನು ಮರೆಯಬಾರದು. ಆದರೆ ಹಿಂದಿನ ಸಂಜೆಯೇ ಕಾಯಂ ಮಾಡಲು ಬೇರಿಂಗ್ ಓಣಿಯವನ ಹೆಸರು ಮೇಲಿನವರಿಗೆ ಹೋಗಿಬಿಟ್ಟಿತ್ತು. "ಮುಂದಿನ ವರ್ಷ ನೋಡೋಣ ಕಣಮ್ಮ" ಎಂದರು. ಮುಂದಿನ ವರ್ಷ ಯಾರನ್ನೂ ಕಾಯಂ ಮಾಡಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಡಂ ಮೇಲಿನವರಿಗೆ ಏನು ಹೇಳಿದರೋ ತಿಳಿಯದು, ನಾನು ಕೇಳಲಿಲ್ಲ. ಅವರು ಮೊದಲಿನಂತೆಯೇ ಮರ್ಯಾದೆಯಿಂದ ಮಾತಾಡುತ್ತಿದ್ದರು. ಒಂದು ಮಾತ್ರ ಬದಲಾಯಿತು. ಕೇಬಲ್ ಹಾಕಿದೆ ಎಂದರೆ "ಫೋಟೋ ಕಳಿಸಿ" ಎನ್ನುತ್ತಿದ್ದರು. ದೀಪ ಹಸಿರಾಗಿದೆ ಎಂದರೂ "ಫೋಟೋ ಕಳಿಸಿ." ನನ್ನ ಕಣ್ಣು ಅವರ ಕಣ್ಣಾಗಿದ್ದದ್ದು ಅಲ್ಲಿಗೆ ಮುಗಿದಿತ್ತು.

ಮರುವರ್ಷದ ಆಯುಧಪೂಜೆಗೆ ಅಕ್ಕ ಮತ್ತೆ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಇಳಸಂಗಿಲ್ಲಕ್ಕಾ" ಎಂದೆ.

"ಇಳಸು ಅಂತ ಯಾರಂದ್ರು? ಏಣಿ ಹಿಡಿ. ನಾನ ಹತ್ತತೀನಿ."

ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಏಳನೇ ಡಬ್ಬಿಯ ಹತ್ತಿರ ಹೋಗಿ, ಎರಡೂ ಕೈ ಬಿಡುವ ಮೊದಲು ತಡೆದಳು.

"ಗಟ್ಟಿ ಹಿಡದಿಯೇನು?"

"ಹಿಡದೀನಿ."

ಅವಳು ಬಗ್ಗಿ, ಏಣಿಯ ಮೇಲಿದ್ದ ನನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ಕುಂಕುಮ ಇಟ್ಟಳು.